ಒಂದು ವರ್ಷದ ಲೆಕ್ಕ

ಎಂಸಿಎ ಸೇರಿದ ಹೊಸತು. ಹುಬ್ಬಳ್ಳಿಯಿಂದ ಊರಿಗೆ ಬಂದವನು ಪುಸ್ತಕ ಕೊಳ್ಳಬೇಕೆಂದು ಅಪ್ಪನ ಹತ್ತಿರ ದುಡ್ಡು ಕೇಳಿದೆ. ಹಾನಗಲ್ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ ಆಗ ಭತ್ತದ ಕೊಯ್ಲು ಮುಗಿದು ರಾಶಿ ಮಾಡುವ ಹೊತ್ತು. ಅಪ್ಪ ಏನೂ ಅನ್ನಲಿಲ್ಲ. ಅವ್ವ ಮಾತ್ರ ನನ್ನ ಹೊಸ ನೋಟ್‌ಬುಕ್ ತಿರುವಿ ಹಾಕುತ್ತಿದ್ದವಳು ಎದ್ದು ಹೋಗಿ, ಅಟ್ಟದ ಮೇಲಿಂದ ಒಂದು ಚೀಲ ಇಳಿಸಿದಳು. ಅದರಿಂದ ನನ್ನ ಬಿಸಿಎ ದಿನಗಳ ಡೇಟಾ ಸ್ಟ್ರಕ್ಚರ್ಸ್ ಪುಸ್ತಕ ತೆಗೆದು ಎದುರಿಗೆ ಹಿಡಿದಳು.

‘ಇದ ಅಲ್ಲೇನೋ?’

ಅವ್ವನಿಗೆ ಇಂಗ್ಲಿಷ್ ಓದಲು ಬರುವುದಿಲ್ಲ. ಆದರೆ ಚಿತ್ರ ಮರೆಯುವುದಿಲ್ಲ. ಸಾಲಾಗಿ ಡಬ್ಬಿಗಳು, ಒಂದರಿಂದ ಇನ್ನೊಂದಕ್ಕೆ ಬಾಣ. ಲಿಂಕ್ಡ್ ಲಿಸ್ಟ್! ಹೊಸ ನೋಟ್‌ಬುಕ್ಕಿನಲ್ಲೂ ಅದೇ, ಹಳೆಯ ಪುಸ್ತಕದಲ್ಲೂ ಅದೇ.

‘ಇದನ್ನ ಓದಿ ಪಾಸಾಗಿದ್ದಿ. ಮತ್ತ ಇದನ್ನ ಓದಾಕ ಎರಡು ವರ್ಷ ಹೋಗಬೇಕೇನು?’

ನನ್ನಲ್ಲಿ ಉತ್ತರ ಇರಲಿಲ್ಲ. ಅಪ್ಪ ದುಡ್ಡು ಕೊಟ್ಟರು. ಆದರೆ ಅವ್ವನ ಪ್ರಶ್ನೆ ನನ್ನ ಜೊತೆಗೇ ಬಸ್ಸು ಹತ್ತಿತು.

ಆ ಪ್ರಶ್ನೆ ನನ್ನೊಬ್ಬನದಲ್ಲ. ಹಾವೇರಿಯಲ್ಲಿ ಬಿಸಿಎ ಓದುವಾಗ ನಾವು ನಾಲ್ವರ ಗುಂಪು. ಹೆಸರು ಹಿಡಿದು ಯಾರೂ ಕರೆಯುತ್ತಿರಲಿಲ್ಲ, ಊರೇ ನಮ್ಮ ಹೆಸರು. ನಾನು ಹಾನಗಲ್. ಒಬ್ಬ ಶಿಗ್ಗಾವಿ, ಒಬ್ಬ ಹಿರೇಕೆರೂರು. ಮಾತಿನಲ್ಲಿ ಸ್ವಲ್ಪ ಖಾರ ಇದ್ದ ಗೆಳತಿ ಸವಣೂರು. ಊರಿನ ಖಾರದ ಹೆಸರು ಉಳಿಸಿದವಳು. ನಾಲ್ಕೂ ದಿಕ್ಕಿನಿಂದ ಬರುವ ಬಸ್ಸುಗಳು ಎಷ್ಟು ಹೊತ್ತಿಗೆ ಬರುತ್ತವೆ ಎನ್ನುವುದರ ಮೇಲೆ ನಮ್ಮ ಮೊದಲ ಪೀರಿಯಡ್ಡಿನ ಹಾಜರಾತಿ ನಿಂತಿತ್ತು.

ನಾವು ಸೇರಿದ್ದು 2021ರಲ್ಲಿ. ಹೊಸ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ದೇಶದಲ್ಲೇ ಮೊದಲು ಜಾರಿಗೆ ತಂದ ರಾಜ್ಯ ನಮ್ಮದು. ಅದರ ಮೊದಲ ಬ್ಯಾಚ್ ನಾವು. ಮೂರು ವರ್ಷ ಓದಿದರೆ ಪದವಿ, ನಾಲ್ಕನೇ ವರ್ಷವೂ ಓದಿದರೆ ಆನರ್ಸ್, ಆನರ್ಸ್ ಆದವರಿಗೆ ಸ್ನಾತಕೋತ್ತರ ಪದವಿ ಒಂದೇ ವರ್ಷ ಎಂದು ಮೊದಲ ದಿನವೇ ಹೇಳಿದ್ದರು. ‘ಒಂದೇ ವರ್ಷದಾಗ ಮಾಸ್ಟರ್ಸ್’ ಎನ್ನುವ ಮಾತು ನಮ್ಮ ಕಿವಿಗೆ ಎಷ್ಟು ಹಿತವಾಗಿತ್ತೆಂದರೆ, ಅದಕ್ಕೂ ಮುಂಚೆ ಒಂದು ವರ್ಷ ಹೆಚ್ಚಿಗೆ ಓದಬೇಕು ಎನ್ನುವ ಅರ್ಧ ಮಾತು ಕೇಳಿಸಲೇ ಇಲ್ಲ.

ಮೂರೂ ಎರಡೂ ಐದು. ನಾಲ್ಕೂ ಒಂದೂ ಐದು. ಕಂಪ್ಯೂಟರ್ ಓದುವ ಹುಡುಗರಿಗೆ ಈ ಕೂಡುವ ಲೆಕ್ಕ ತಿಳಿಯಲು ಮೂರು ವರ್ಷ ಬೇಕಾಯಿತು!

2024ರ ಮೇ ತಿಂಗಳಲ್ಲಿ, ನಮ್ಮ ಆರನೇ ಸೆಮಿಸ್ಟರ್ ನಡೆದಿರುವಾಗ, ರಾಜ್ಯ ಸರ್ಕಾರ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಆಗಲೇ ಸೇರಿದ್ದ ಬ್ಯಾಚಿನವರು ಬೇಕಿದ್ದರೆ ನಾಲ್ಕನೇ ವರ್ಷ ಓದಬಹುದು ಎಂಬ ಅವಕಾಶ ಉಳಿಯಿತು. ಆ ಬೇಸಿಗೆಯಲ್ಲಿ ನಾವು ನಾಲ್ವರೂ ನಾಲ್ಕು ದಾರಿ ಹಿಡಿದೆವು.

ಹಿರೇಕೆರೂರಿನವನ ಮನೆಯಲ್ಲಿ ಗೋವಿನಜೋಳದ ಬೆಳೆ, ತಲೆಯ ಮೇಲೆ ಸಾಲ. ಅವನು ಓದಿನ ಮಾತೇ ಎತ್ತದೆ ಬೆಂಗಳೂರಿಗೆ ಹೋಗಿ ಒಂದು ಕಂಪನಿಯ ಸಪೋರ್ಟ್ ಕೆಲಸಕ್ಕೆ ಸೇರಿದ. ಶಿಗ್ಗಾವಿಯವನು ನಾಲ್ಕನೇ ವರ್ಷ ಓದುತ್ತೇನೆಂದು ಕಾದ. ಹೆಸರು ಕೊಟ್ಟವರು ಬೆರಳೆಣಿಕೆಯಷ್ಟು. ‘ಇವತ್ತು ನಾಳೆ’ ಎನ್ನುತ್ತಾ ಕಾಲೇಜಿನಲ್ಲಿ ತರಗತಿ ಶುರುವಾಗಲೇ ಇಲ್ಲ. ಅಷ್ಟರಲ್ಲಿ ಎಂಸಿಎ ಪ್ರವೇಶಕ್ಕೆ ಬೇಕಾದ ಪಿಜಿಸಿಇಟಿಯೂ ಮುಗಿದಿತ್ತು. ನಾಲ್ವರಲ್ಲಿ ಬೇಗ ಮುಗಿಸಬೇಕೆಂದು ಹೊರಟವನು ಅವನೊಬ್ಬನೇ. ಒಂದು ವರ್ಷ ಕಳೆದುಕೊಂಡವನೂ ಅವನೊಬ್ಬನೇ.

ಸವಣೂರಿನ ಗೆಳತಿ ಮತ್ತು ನಾನು ಪಿಜಿಸಿಇಟಿ ಬರೆದು ಎಂಸಿಎ ಸೇರಿದೆವು. ಬೇರೆ ಬೇರೆ ಕಾಲೇಜು. ಅವಳ ಮನೆಯಲ್ಲಿ ಅವಳ ತಂದೆ ಹೇಳಿದ್ದು ಒಂದೇ ಮಾತಂತೆ: ‘ಎರಡು ವರ್ಷ. ಅದರ ಮ್ಯಾಲೆ ಒಂದು ದಿನ ಕೇಳಬ್ಯಾಡ.’ ಗಂಡು ನೋಡುವ ಮಾತು ಆಗಲೇ ಶುರುವಾಗಿತ್ತು. ನನಗೆ ಒಂದು ವರ್ಷವೆಂದರೆ ಫೀಸು, ರೂಮಿನ ಬಾಡಿಗೆ, ಖಾನಾವಳಿಯ ಲೆಕ್ಕ. ಅವಳಿಗೆ ಅದು ಬದುಕಿನ ಲೆಕ್ಕ.

ಹೀಗಿರುವಾಗ ತರಗತಿಯಲ್ಲಿ ಮತ್ತೆ ಸಿ ಭಾಷೆ, ಮತ್ತೆ ಡೇಟಾ ಸ್ಟ್ರಕ್ಚರ್ಸ್, ಮತ್ತೆ ಡೇಟಾಬೇಸ್. ಲ್ಯಾಬ್ ರೆಕಾರ್ಡ್ ಬರೆಯಲು ನಾನು ಹಳೆಯ ರೆಕಾರ್ಡನ್ನೇ ಎದುರಿಗಿಟ್ಟುಕೊಂಡು ನಕಲು ಮಾಡಿದೆ. ನನ್ನದನ್ನು ನಾನೇ ನಕಲು ಹೊಡೆಯುವ ಸ್ಥಿತಿ! ಸಿಟ್ಟು ಬಂದು ಬೇರೆ ದೇಶಗಳಲ್ಲಿ ಇದು ಹೇಗೆ ಎಂದು ಹುಡುಕತೊಡಗಿದೆ.

ಅಮೆರಿಕದ ಹಲವು ವಿಶ್ವವಿದ್ಯಾಲಯಗಳಲ್ಲಿ ತಮ್ಮದೇ ಪದವಿ ವಿದ್ಯಾರ್ಥಿಗಳಿಗೆಂದು ‘ಆಕ್ಸಿಲರೇಟೆಡ್ ಮಾಸ್ಟರ್ಸ್’ ಎಂಬ ದಾರಿ ಇದೆ. ಅಲ್ಲಿ ಪದವಿಗೆ ನಾಲ್ಕು ವರ್ಷ, ಮಾಸ್ಟರ್ಸ್‌ಗೆ ಸಾಮಾನ್ಯವಾಗಿ ಒಂದೂವರೆ-ಎರಡು ವರ್ಷ. ಚೆನ್ನಾಗಿ ಓದುವವರು ಪದವಿಯ ಕೊನೆಯ ವರ್ಷದಲ್ಲೇ ಮಾಸ್ಟರ್ಸ್‌ನ ಕೆಲವು ವಿಷಯಗಳನ್ನು ತೆಗೆದುಕೊಳ್ಳುತ್ತಾರೆ. ಹಲವೆಡೆ ಆ ಕ್ರೆಡಿಟ್‌ಗಳನ್ನು ಎರಡೂ ಪದವಿಗಳ ಲೆಕ್ಕಕ್ಕೆ ಹಿಡಿಯುತ್ತಾರೆ. ಒಟ್ಟು ಐದು ವರ್ಷದಲ್ಲಿ ಎರಡೂ ಕೈಗೆ. ಎಂಐಟಿಯಲ್ಲಿ ಕಂಪ್ಯೂಟರ್ ವಿಭಾಗದ ‘ಎಂ.ಎಂಜ್’ ಪದವಿಗೆ ಅಲ್ಲಿಯೇ ಓದಿದವರಿಗೆ ಮಾತ್ರ ಪ್ರವೇಶ. ಕಾರ್ನೆಗಿ ಮೆಲನ್‌ನಲ್ಲಿ ‘ಐದನೇ ವರ್ಷದ ಮಾಸ್ಟರ್ಸ್’ ಎಂದೇ ಹೆಸರು. ಸ್ಟ್ಯಾನ್‌ಫರ್ಡಿನಲ್ಲಿ ‘ಕೋಟರ್ಮ್’ ಎನ್ನುತ್ತಾರೆ.

ದೂರ ಯಾಕೆ, ನಮ್ಮ ಬೆಂಗಳೂರಿನಲ್ಲೇ ಇದೆ. ಭಾರತೀಯ ವಿಜ್ಞಾನ ಸಂಸ್ಥೆ 2011ರಲ್ಲಿ ಶುರು ಮಾಡಿದ ನಾಲ್ಕು ವರ್ಷದ ವಿಜ್ಞಾನ ಪದವಿಯ ವಿದ್ಯಾರ್ಥಿಗಳು ಅಲ್ಲಿಯೇ ಐದನೇ ವರ್ಷ ಓದಿ ಸ್ನಾತಕೋತ್ತರ ಪದವಿ ಪಡೆಯಬಹುದು. ಬೆಂಗಳೂರಿನ ಐಐಐಟಿಯಲ್ಲಿ ಪಿಯುಸಿ ಮುಗಿಸಿ ಸೇರಿದವರು ಐದು ವರ್ಷಕ್ಕೆ ಬಿ.ಟೆಕ್ ಮತ್ತು ಎಂ.ಟೆಕ್ ಎರಡನ್ನೂ ಹಿಡಿದು ಹೊರಬರುವ ಕೋರ್ಸ್ ಇದೆ.

ಇದೆಲ್ಲ ಓದಿದ ಮೇಲೆ ಮೊದಲು ಹೊಳೆದದ್ದು ಒಂದು ತಮಾಷೆ. ಅವರು ‘ಶರವೇಗ’ ಎನ್ನುವ ಐದು ವರ್ಷ, ನಮ್ಮ ಬಿಸಿಎ-ಎಂಸಿಎಯ ಮಾಮೂಲಿ ನಡಿಗೆ! ಆದರೆ ವ್ಯತ್ಯಾಸ ವರ್ಷದಲ್ಲಿಲ್ಲ. ಅಲ್ಲಿ ಪದವಿ ಮತ್ತು ಮಾಸ್ಟರ್ಸ್ ಎರಡೂ ಒಂದೇ ಮನೆಯ ಎರಡು ಕೋಣೆಗಳಂತೆ. ಮೊದಲ ಕೋಣೆಯಲ್ಲಿ ಏನು ಕಲಿಸಿದ್ದೇವೆ ಎಂದು ಎರಡನೆಯ ಕೋಣೆಯವರಿಗೆ ಗೊತ್ತು. ಹಾಗಾಗಿ ಅದನ್ನೇ ಮತ್ತೆ ಕಲಿಸುವುದಿಲ್ಲ.

ನಮಗೂ ಹಿಂದೆ ಅಂಥದ್ದೊಂದು ಬಾಗಿಲಿತ್ತು ಎನ್ನುವುದು ಆಮೇಲೆ ತಿಳಿಯಿತು. ಎಂಸಿಎ ಮೊದಲು ಮೂರು ವರ್ಷದ್ದು. ಬಿಸಿಎ ಓದಿದವರಿಗೆ ಲ್ಯಾಟರಲ್ ಎಂಟ್ರಿ ಮೂಲಕ ನೇರವಾಗಿ ಎರಡನೇ ವರ್ಷಕ್ಕೆ ಪ್ರವೇಶ ಸಿಗುತ್ತಿತ್ತು. ‘ನಿಮಗೆ ಮೊದಲ ವರ್ಷದ ಪಾಠ ಗೊತ್ತು, ಮುಂದೆ ಬನ್ನಿ’ ಎಂದಂತೆ. 2020-21ರಿಂದ ಎಐಸಿಟಿಇ ಎಂಸಿಎಯನ್ನು ಎಲ್ಲರಿಗೂ ಎರಡೇ ವರ್ಷಕ್ಕೆ ಇಳಿಸಿತು. ಗಣಿತ ಓದಿದ ಬಿ.ಎಸ್ಸಿ., ಬಿ.ಕಾಂ. ಪದವೀಧರರೂ ಅದೇ ಎರಡು ವರ್ಷಕ್ಕೆ ಬರುತ್ತಾರೆ. ಕಂಪ್ಯೂಟರ್ ಹಿನ್ನೆಲೆ ಇಲ್ಲದವರಿಗೆ ಬ್ರಿಜ್ ಕೋರ್ಸ್ ಇರಬೇಕೆಂದು ನಿಯಮ. ಅವರಿಗೆ ಒಂದು ವರ್ಷ ಉಳಿಯಿತು, ಒಳ್ಳೆಯದೇ. ನಮ್ಮ ಅವಧಿ ಮೊದಲಿನಷ್ಟೇ ಉಳಿಯಿತು. ಎಲ್ಲರೂ ಒಂದೇ ಕೋಣೆಯಲ್ಲಿ ಕುಳಿತ ಮೇಲೆ ಪಾಠ ಮೊದಲಿನಿಂದ ಶುರುವಾಗದೆ ಬೇರೆ ದಾರಿ ಇಲ್ಲ.

ಇಷ್ಟು ತಿಳಿದುಕೊಂಡವನಿಗೆ ಧೈರ್ಯ ಬಂತು. ಒಂದು ದಿನ ಕ್ಲಾಸಿನಲ್ಲಿ ಎದ್ದು ನಿಂತು, ‘ಸರ್, ಇದನ್ನೆಲ್ಲ ಬಿಸಿಎದಲ್ಲೇ ಮಾಡಿದ್ದೇವೆ’ ಎಂದೆ. ಸರ್ ಬೇಸರಿಸಿಕೊಳ್ಳಲಿಲ್ಲ. ಚಾಕ್‌ಪೀಸ್ ಚಾಚಿದರು. ‘ಬಾ ಹಂಗಾರ. ಲಿಂಕ್ಡ್ ಲಿಸ್ಟಿನ ನಡುವಿನ ಒಂದು ನೋಡ್ ತೆಗೆದುಹಾಕೋ ಪ್ರೋಗ್ರಾಂ ಬರಿ.’

ಬೋರ್ಡಿನ ಮುಂದೆ ನಿಂತೆ. ಪಾಯಿಂಟರ್ ಘೋಷಿಸಿದೆ. ಲೂಪ್ ಬರೆದೆ. ತೆಗೆಯಬೇಕಾದ ನೋಡ್ ಸಿಕ್ಕಿತು. ಆದರೆ ಅದರ ಹಿಂದಿನ ನೋಡ್ ಎಲ್ಲಿದೆ ಎಂದು ಹಿಡಿದಿಟ್ಟುಕೊಳ್ಳಲು ಮರೆತಿದ್ದೆ. ಹಿಂದಿನದು ಗೊತ್ತಿಲ್ಲದೆ ಮುಂದಿನದಕ್ಕೆ ಕೊಂಡಿ ಹಾಕುವುದು ಹೇಗೆ? ಕೈ ನಿಂತಿತು. ಬಿಸಿಎಯಲ್ಲಿ ಇದೇ ವಿಷಯಕ್ಕೆ ನನಗೆ ಎಂಬತ್ತರ ಮೇಲೆ ಅಂಕ ಬಂದಿತ್ತು. ರೆಕಾರ್ಡಿನಲ್ಲಿ ಎರಡು ಸಲ ಇದೇ ಪ್ರೋಗ್ರಾಂ ಬರೆದಿದ್ದೆ.

ಹಿಂದಿನ ಬೆಂಚಿನಿಂದ ಬಿ.ಕಾಂ. ಓದಿ ಬಂದಿದ್ದ ಸಹಪಾಠಿಯೊಬ್ಬ ಮೆಲ್ಲಗೆ, ‘ಇನ್ನೊಂದು ಪಾಯಿಂಟರ್ ಬೇಕಲ್ಲ?’ ಎಂದ. ಅವನು ಲಿಂಕ್ಡ್ ಲಿಸ್ಟ್ ಕಲಿತು ಎರಡು ವಾರವಾಗಿತ್ತು, ಅಷ್ಟೇ.

ಆ ದಿನ ರೂಮಿಗೆ ಬಂದು ಅವ್ವನಿಗೆ ಫೋನ್ ಮಾಡಿದೆ. ‘ಅವ್ವ, ಅದನ್ನ ಮತ್ತ ಓದಬೇಕಾತು. ಮೊದಲನೇ ಸಲ ಓದಿದ್ದು ಓದಲ್ಲ’ ಎಂದೆ. ಅವ್ವ ನಕ್ಕಳು. ‘ರೊಕ್ಕ ಹೋದ್ರ ಹೋಗ್ಲಿ, ಈ ಸಲ ಸರಿಯಾಗಿ ಓದು’ ಎಂದಳು.

ಅಲ್ಲಿಂದ ನನ್ನ ಸಿಟ್ಟು ಬೇರೆ ಕಡೆ ತಿರುಗಿತು. ಬೇಗ ಮುಗಿಸುವ ಮಾಸ್ಟರ್ಸ್ ನಿಂತಿರುವುದು ಒಂದು ನಂಬಿಕೆಯ ಮೇಲೆ: ಈ ವಿದ್ಯಾರ್ಥಿಗೆ ಇಷ್ಟು ಬರುತ್ತದೆ ಎಂದು ವಿಶ್ವವಿದ್ಯಾಲಯ ನಂಬಬೇಕು. ನನ್ನ ಅಂಕಪಟ್ಟಿ ನನ್ನ ಪರವಾಗಿ ಆ ಮಾತು ಹೇಳುವಷ್ಟು ಗಟ್ಟಿ ಇರಲಿಲ್ಲ. ಪರೀಕ್ಷೆಗೆ ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆ ತಿರುವಿ ಹಾಕಿ ಪಾಸಾದ ನಾನೂ ಅದಕ್ಕೆ ಕಾರಣ, ಅದನ್ನೇ ಮತ್ತೆ ಮತ್ತೆ ಕೇಳಿದ ಪರೀಕ್ಷೆಯೂ ಕಾರಣ.

ಇನ್ನೊಂದು ತೊಡಕು ನಮ್ಮ ಭಾಗದ್ದೇ. ‘ತನ್ನದೇ ವಿದ್ಯಾರ್ಥಿ’ ಎಂದು ನಮ್ಮನ್ನು ಯಾವ ವಿಶ್ವವಿದ್ಯಾಲಯ ಕರೆಯಬೇಕು? ನಾವು ಸೇರಿದಾಗ ನಮ್ಮದು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ. ಹಾಲ್ ಟಿಕೆಟ್ಟಿನ ಮೇಲಿನ ಮುದ್ರೆ ಬಿಟ್ಟರೆ ಅದನ್ನು ನಾವು ಕಂಡಿದ್ದೇ ಕಡಿಮೆ. ನಾವು ಓದುತ್ತಿರುವಾಗಲೇ, 2023ರಲ್ಲಿ, ಕೆರಿಮತ್ತಿಹಳ್ಳಿಯ ಸ್ನಾತಕೋತ್ತರ ಕೇಂದ್ರ ಹಾವೇರಿ ವಿಶ್ವವಿದ್ಯಾಲಯವಾಯಿತು. ನಮ್ಮ ಜಿಲ್ಲೆಗೊಂದು ವಿಶ್ವವಿದ್ಯಾಲಯ ಬಂತೆಂದು ಖುಷಿಪಟ್ಟೆವು. 2025ರ ಫೆಬ್ರುವರಿಯಲ್ಲಿ ಹಾವೇರಿಯದೂ ಸೇರಿ ಒಂಬತ್ತು ವಿಶ್ವವಿದ್ಯಾಲಯಗಳನ್ನು ಮುಚ್ಚಿ ಹಳೆಯವುಗಳ ಜೊತೆ ಸೇರಿಸುವ ಪ್ರಸ್ತಾವದ ಸುದ್ದಿ ಪತ್ರಿಕೆಗಳಲ್ಲಿ ಬಂತು. ಮನೆಯೇ ಇರುತ್ತದೋ ಇಲ್ಲವೋ ಎನ್ನುವಾಗ ಒಂದು ಕೋಣೆಯಿಂದ ಇನ್ನೊಂದಕ್ಕೆ ಬಾಗಿಲು ಕೊರೆಯುವವರು ಯಾರು? ನಾಲ್ಕೂ ತಾಲ್ಲೂಕುಗಳ ಬಿಸಿಎ ಹುಡುಗರು ಅರ್ಜಿ ಹಾಕಿಕೊಂಡು ಹುಬ್ಬಳ್ಳಿಗೋ ಧಾರವಾಡಕ್ಕೋ ದಾವಣಗೆರೆಗೋ ಹೋಗುತ್ತಾರೆ. ಅಲ್ಲಿ ನಾವು ಹೊಸಬರು. ಹೊಸಬರಿಗೆ ಪಾಠ ಮೊದಲಿನಿಂದಲೇ.

ಕಾಗದದ ಮೇಲೆ ಬಾಗಿಲುಗಳು ಇಲ್ಲದಿಲ್ಲ. 2024ರ ಕೊನೆಯಲ್ಲಿ ಯುಜಿಸಿ, ಪದವಿಯನ್ನು ಬೇಗ ಮುಗಿಸುವ ಅವಕಾಶಕ್ಕೆ ಮಾರ್ಗಸೂಚಿ ತಂದಿತು. ಮೊದಲ ಅಥವಾ ಎರಡನೇ ಸೆಮಿಸ್ಟರ್ ಮುಗಿದ ಮೇಲೆ ಸಮಿತಿಯೊಂದು ವಿದ್ಯಾರ್ಥಿಯ ಸಾಮರ್ಥ್ಯ ನೋಡಿ ಒಪ್ಪಿದರೆ, ಹೆಚ್ಚು ಕ್ರೆಡಿಟ್ ತೆಗೆದುಕೊಂಡು ಮೂರು ವರ್ಷದ ಪದವಿಯನ್ನು ಐದು ಸೆಮಿಸ್ಟರಿನಲ್ಲಿ ಮುಗಿಸಬಹುದು. ಸಂಸ್ಥೆಗಳು ಒಟ್ಟು ಸೀಟುಗಳಲ್ಲಿ ಶೇ 10ರವರೆಗೆ ಇದಕ್ಕೆ ಮೀಸಲಿಡಬಹುದು. ಓದಬೇಕಾದ ಪಾಠ ಕಡಿಮೆಯಾಗುವುದಿಲ್ಲ, ಸಮಯ ಮಾತ್ರ ಕಡಿಮೆ. ಅದೇ ಮಾರ್ಗಸೂಚಿಯಲ್ಲಿ, ಕಷ್ಟವಿದ್ದವರು ಪದವಿಯನ್ನು ನಿಧಾನವಾಗಿ ಮುಗಿಸುವ ಅವಕಾಶವೂ ಇದೆ ಎನ್ನುವುದನ್ನು ಮರೆಯಬಾರದು. ಕೆಲಸ ಮಾಡುತ್ತಾ ಓದುವವರಿಗೆ ಅದೇ ಹೆಚ್ಚು ಉಪಯೋಗದ್ದು. ನಿಮ್ಮ ಕಾಲೇಜಿನಲ್ಲಿ ಇವು ಜಾರಿಗೆ ಬಂದಿವೆಯೇ ಎಂದು ಕೇಳಿ ನೋಡಿ. ಕೇಳುವವರಿದ್ದರೆ ತಾನೇ ಜಾರಿಗೆ ಬರುವುದು?

ಸವಣೂರಿನ ಗೆಳತಿ ಯಾವ ಮಾರ್ಗಸೂಚಿಗೂ ಕಾಯಲಿಲ್ಲ. ಎರಡು ವರ್ಷದ ಗಡುವು ಅವಳ ತಲೆಯ ಮೇಲಿತ್ತಲ್ಲ! ಬಿಸಿಎ ಕೊನೆಯ ಸೆಮಿಸ್ಟರಿನಲ್ಲೇ ಅವಳು ತಾನು ಸೇರಬೇಕೆಂದಿದ್ದ ಎಂಸಿಎಯ ಸಿಲಬಸ್ ತೆಗೆದು, ನಮ್ಮ ಬಿಸಿಎ ಸಿಲಬಸ್ಸಿನ ಪಕ್ಕ ಇಟ್ಟು, ಒಂದೇ ಆಗಿದ್ದ ವಿಷಯಗಳಿಗೆ ಹಸಿರು, ಹೊಸದಕ್ಕೆ ಕೆಂಪು ಗೆರೆ ಹಾಕಿದ್ದಳು. ಹಸಿರು ಗೆರೆಯ ವಿಷಯಗಳನ್ನು ಪುಸ್ತಕ ಮುಚ್ಚಿ ಪ್ರೋಗ್ರಾಂ ಬರೆದು ಪರೀಕ್ಷಿಸಿಕೊಂಡಳು. ಕೆಂಪು ಗೆರೆಯಲ್ಲಿ ಒಂದನ್ನು ಆರಿಸಿ ಎನ್‌ಪಿಟಿಇಎಲ್‌ನ ಹನ್ನೆರಡು ವಾರದ ಕೋರ್ಸಿಗೆ ಸೇರಿದಳು. ಪಾಠ ಕೇಳಲು ಹಣವಿಲ್ಲ. ಪ್ರಮಾಣಪತ್ರ ಬೇಕೆಂದರೆ ಮಾತ್ರ ಸಾವಿರ ರೂಪಾಯಿ ಕಟ್ಟಿ, ಕೇಂದ್ರಕ್ಕೇ ಹೋಗಿ ಪರೀಕ್ಷೆ ಬರೆಯಬೇಕು. ವಾರದ ಅಸೈನ್‌ಮೆಂಟಿಗೆ ಶೇ 25, ಪರೀಕ್ಷೆಗೆ ಶೇ 75 ಅಂಕ. ಸಿಗ್ನಲ್ ಸಿಗದ ದಿನ ಮನೆಯ ಮಾಳಿಗೆ ಹತ್ತಿ ಕುಳಿತು ವಿಡಿಯೊ ಡೌನ್‌ಲೋಡ್ ಮಾಡುತ್ತಿದ್ದಳಂತೆ.

ಎಂಸಿಎಯಲ್ಲೂ ಅದೇ ಅಭ್ಯಾಸ ಮುಂದುವರಿಸಿದಳು. ಒಂದು ಸೆಮಿಸ್ಟರಿನ ವಿಷಯಗಳಲ್ಲಿ ಶೇ 40ರವರೆಗೆ ಸ್ವಯಂ ವೇದಿಕೆಯ ಕೋರ್ಸುಗಳಿಂದ ಪಡೆಯಲು ಯುಜಿಸಿ 2021ರಿಂದ ಅನುಮತಿ ಕೊಟ್ಟಿದೆ. ಆದರೆ ಯಾವ ಕೋರ್ಸನ್ನು ಒಪ್ಪಬೇಕೆನ್ನುವುದು ಸಂಸ್ಥೆಗೆ ಬಿಟ್ಟದ್ದು. ಸೇರುವ ಮೊದಲೇ ವಿಭಾಗದ ಮುಖ್ಯಸ್ಥರನ್ನು ಕೇಳಿ, ಒಪ್ಪಿಗೆ ಪಡೆದು, ಅವಳು ಒಂದು ಐಚ್ಛಿಕ ವಿಷಯವನ್ನು ಹೀಗೆ ಮುಗಿಸಿದಳು. ಉಳಿದ ಸಮಯದಲ್ಲಿ ಇಂಟರ್ನ್‌ಶಿಪ್ ಹುಡುಕಿಕೊಂಡಳು. ಈಗ ಕೊನೆಯ ಸೆಮಿಸ್ಟರ್. ಅವಳು ಇಂಟರ್ನ್‌ಶಿಪ್ ಮಾಡುತ್ತಿರುವ ಕಡೆಯೇ ಕೆಲಸದ ಮಾತು ನಡೆದಿದೆ. ಪದವಿ ಒಂದು ದಿನವೂ ಮೊದಲು ಮುಗಿಯಲಿಲ್ಲ. ಆದರೆ ಅವಳ ತಂದೆ ಈಗ ಗಂಡಿನ ಮಾತು ಬಿಟ್ಟು, ‘ಸಂಬಳ ಎಷ್ಟು ಕೊಡ್ತಾರಂತ?’ ಎಂದು ಕೇಳುತ್ತಿದ್ದಾರಂತೆ.

ನೀವು ಬಿಸಿಎ ಓದುತ್ತಿದ್ದರೆ ನಾನು ಹೇಳುವುದು ಇಷ್ಟೇ. ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್‌ನಲ್ಲಿ ನಿಮ್ಮ ಖಾತೆ ಸರಿಯಾಗಿದೆಯೇ ನೋಡಿಕೊಳ್ಳಿ. ಅದರಲ್ಲಿ ಜಮೆಯಾದ ಕ್ರೆಡಿಟ್‌ಗಳಿಗೆ ಏಳು ವರ್ಷದವರೆಗೆ ಬೆಲೆ ಇದೆ. ಹಿರೇಕೆರೂರಿನ ಗೆಳೆಯನ ಹಾಗೆ ಕೆಲಸಕ್ಕೆ ಹೋಗಿ ಮತ್ತೆ ಓದಲು ಬರುವವರಿಗೆ ಇದು ದೊಡ್ಡ ಆಸರೆ. ‘ಐದು ವರ್ಷದಲ್ಲಿ ಎರಡು ಪದವಿ’ ಎಂಬ ಜಾಹೀರಾತು ಕಂಡರೆ ಕೂಡುವ ಲೆಕ್ಕ ಮಾಡಿ ನೋಡಿ. ಎಐಸಿಟಿಇ ಮಾನ್ಯತೆ ಇದೆಯೇ, ನಡುವೆ ಬಿಟ್ಟರೆ ಕೈಗೆ ಏನು ಸಿಗುತ್ತದೆ ಎಂದು ಕೇಳಿ. ತರಗತಿ ಶುರುವಾಗುತ್ತದೆಂದು ಬಾಯಿಮಾತಿನಲ್ಲಿ ಹೇಳಿದರೆ ನಂಬಿ ಕೂರಬೇಡಿ. ಶಿಗ್ಗಾವಿಯ ಗೆಳೆಯ ಕೂತು ಒಂದು ವರ್ಷ ಕಳೆದುಕೊಂಡ. 2025ರಲ್ಲಿ ಅವನೂ ಎಂಸಿಎ ಸೇರಿದ. ಈಗ ನನಗೆ ಜೂನಿಯರ್! ಫೋನ್ ಮಾಡಿದಾಗಲೆಲ್ಲ ‘ಸೀನಿಯರ್ ಸರ್ರ’ ಎಂದು ಕಾಡುತ್ತಾನೆ. ನಗುತ್ತೇವೆ. ನಕ್ಕ ಮೇಲೆ ಇಬ್ಬರೂ ಒಂದು ಗಳಿಗೆ ಸುಮ್ಮನಾಗುತ್ತೇವೆ.

ದೊಡ್ಡವರಲ್ಲಿ ಒಂದು ಕೋರಿಕೆಯೂ ಇದೆ. ಎಂಸಿಎ ಸೇರಿದ ಮೊದಲ ವಾರವೇ ಬಿಸಿಎದವರಿಗೆ ಒಂದು ಪರೀಕ್ಷೆ ಇಡಿ. ಬಾಯಿಪಾಠದ ಪರೀಕ್ಷೆ ಬೇಡ, ಕಂಪ್ಯೂಟರಿನ ಮುಂದೆ ಕೂರಿಸಿ ಪ್ರೋಗ್ರಾಂ ಬರೆಸಿ. ಬಂದವರಿಗೆ ಆ ವಿಷಯದ ಬದಲು ಮುಂದಿನದನ್ನು ಕೊಡಿ. ಬಾರದವರು ಮತ್ತೆ ಓದಲಿ. ಆ ಪರೀಕ್ಷೆ ಇಟ್ಟಿದ್ದರೆ ನಾನು ಖಂಡಿತ ಫೇಲಾಗುತ್ತಿದ್ದೆ. ಸವಣೂರಿನವಳು ಪಾಸಾಗುತ್ತಿದ್ದಳು. ಇಬ್ಬರಿಗೂ ನ್ಯಾಯ ಸಿಗುತ್ತಿತ್ತು.

ಮೊನ್ನೆ ಊರಿಗೆ ಹೋದಾಗ ತಮ್ಮ ಅಟ್ಟದ ಚೀಲದಿಂದ ಅದೇ ಡೇಟಾ ಸ್ಟ್ರಕ್ಚರ್ಸ್ ಪುಸ್ತಕ ತೆಗೆದಿಟ್ಟುಕೊಂಡಿದ್ದ. ಅವನೀಗ ಬಿಸಿಎ ಮೊದಲ ವರ್ಷ. ಪುಸ್ತಕದಲ್ಲಿ ನಾನು ಪರೀಕ್ಷೆಗೆಂದು ‘ಇಂಪಾರ್ಟೆಂಟ್’ ಎಂದು ಚೌಕ ಹಾಕಿದ ಪುಟಗಳನ್ನೇ ತೋರಿಸಿ, ‘ಅಣ್ಣಾ, ಇಷ್ಟ ಓದಿದ್ರ ಸಾಕಲ್ಲ?’ ಎಂದು ಕೇಳಿದ.

ನಾನು ಅಂಗಳದಲ್ಲಿ ಒಂದು ಕಡ್ಡಿ ತೆಗೆದುಕೊಂಡು ಸಾಲಾಗಿ ಡಬ್ಬಿಗಳನ್ನು ಬರೆದೆ. ನಡುವಿನದೊಂದನ್ನು ಕಾಲಿನಿಂದ ಅಳಿಸಿದೆ. ‘ಈಗ ಇದರ ಹಿಂದಿಂದು, ಮುಂದಿಂದು ಹೆಂಗ ಕೂಡಸ್ತಿ, ಹೇಳು’ ಎಂದೆ.

ಅವ್ವ ಹೊಸ್ತಿಲಲ್ಲಿ ನಿಂತು ನೋಡುತ್ತಿದ್ದಳು. ಈ ಸಲ ಅವಳು ಏನೂ ಕೇಳಲಿಲ್ಲ.